ಸ್ಪ್ಯಾನಿಷ್‌ಗೆ ಒಂದು ವರ್ಷ, ಕನ್ನಡಕ್ಕೆ ಎಷ್ಟು ದಿನ?

ನಮ್ಮ ಕುಟುಂಬಗಳಿಂದ ಸಂನ್ಯಾಸ ಸಭೆಗಳನ್ನು ಸೇರಿದ ಯುವಕ ಯುವತಿಯರಲ್ಲಿ ಕೆಲವರು ಇಂದು ದಕ್ಷಿಣ ಅಮೆರಿಕದ ದೂರದೇಶಗಳಲ್ಲಿ ಸೇವೆ ಸಲ್ಲಿಸುತ್ತಿರುವುದು ಓದುಗರಿಗೆ ತಿಳಿದ ಸಂಗತಿಯೇ. ಹಾಗೆ ಹೋದವರಿಂದ ಮೊದಲ ವರ್ಷ ಮನೆಗೆ ಬರುವ ಸುದ್ದಿ ಬಹುಮಟ್ಟಿಗೆ ಒಂದೇ ಬಗೆಯದಾಗಿರುತ್ತದೆ: ಇನ್ನೂ ಭಾಷೆ ಕಲಿಯುತ್ತಿದ್ದೇವೆ, ಕೆಲಸಕ್ಕೆ ಇಳಿದಿಲ್ಲ. ಇದನ್ನು ಕೇಳಿ ಕಳವಳಗೊಳ್ಳುವ ತಾಯಂದಿರೂ ಉಂಟು. ಗುರುಮಠದಲ್ಲಿ ವರ್ಷಾನುಗಟ್ಟಲೆ ಓದಿ ಗುರುದೀಕ್ಷೆ ಪಡೆದ ಮಗ ಮತ್ತೆ ಬೆಂಚಿನ ಮೇಲೆ ಕುಳಿತು, ಒಂದನೆಯ ತರಗತಿಯ ಹುಡುಗನಂತೆ ‘ಇದು ಮೇಜು, ಅದು ಕಿಟಕಿ’ ಎಂದು ಒಪ್ಪಿಸುತ್ತಿದ್ದಾನೆಂದರೆ ಯಾರಿಗೆ ತಾನೆ ವಿಚಿತ್ರವೆನಿಸದು? ನಮಗಾದರೋ ಆ ಸುದ್ದಿಯಲ್ಲಿ ಕಳವಳಕ್ಕೆ ಕಾರಣ ಕಾಣುವುದಿಲ್ಲ. ತುಸು ಹೊಟ್ಟೆಕಿಚ್ಚಿಗೆ ಕಾರಣ ಕಾಣುತ್ತದೆ. ಅಲ್ಲಿಯ ಬಡ ಜನರಿಗೆ ಧರ್ಮಸಭೆ ಸಲ್ಲಿಸುವ ಈ ಗೌರವ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ನಮ್ಮ ಹಳ್ಳಿಗರಿಗೆ ಏಕೆ ಸಲ್ಲಬಾರದು ಎಂಬುದೇ ಈ ವಾರ ನಾವು ಎತ್ತಬಯಸುವ ಪ್ರಶ್ನೆ.

ಸ್ಪ್ಯಾನಿಷ್ ಕಲಿಸುವ ಮಿಷನರಿ ಕೇಂದ್ರಗಳ ಪರಂಪರೆ ತಕ್ಕಮಟ್ಟಿಗೆ ದೊಡ್ಡದು. 1950ರ ದಶಕದಲ್ಲಿ ನ್ಯೂಯಾರ್ಕ್ ನಗರಕ್ಕೆ ಪೋರ್ಟೊ ರಿಕೊ ದ್ವೀಪದ ಬಡವರು ಗುಂಪುಗುಂಪಾಗಿ ಬಂದು ನೆಲೆಸಿದಾಗ, ಅಲ್ಲಿಯ ಧರ್ಮಪ್ರಾಂತ್ಯವು ತನ್ನ ಗುರುಗಳನ್ನು ಆ ದ್ವೀಪಕ್ಕೇ ಕಳುಹಿಸಿ ಸ್ಪ್ಯಾನಿಷ್ ಕಲಿಸಿತು. ಆ ಕೆಲಸದ ಮುಂದಾಳು ಇವಾನ್ ಇಲಿಚ್ ಎಂಬ ಗುರು. ಇವರೇ 1961ರಲ್ಲಿ ಮೆಕ್ಸಿಕೊ ದೇಶದ ಕ್ವೆರ್ನವಾಕಾ ಊರಿನಲ್ಲಿ ದೊಡ್ಡದೊಂದು ತರಬೇತಿ ಕೇಂದ್ರವನ್ನು ತೆರೆದರು. ಅದು 1976ರವರೆಗೆ ನಡೆಯಿತು. ಬೊಲಿವಿಯಾದ ಕೊಚಬಾಂಬಾದಲ್ಲಿ ಮೇರಿನೋಲ್ ಸಭೆಯವರು 1960ರ ದಶಕದಲ್ಲಿ ಆರಂಭಿಸಿದ ಭಾಷಾ ಸಂಸ್ಥೆಯಲ್ಲಿ ಸ್ಪ್ಯಾನಿಷ್ ಜೊತೆಗೆ ಆ ಬೆಟ್ಟನಾಡಿನ ಮೂಲನಿವಾಸಿಗಳ ಕೆಚುವಾ, ಐಮಾರಾ ಭಾಷೆಗಳನ್ನೂ ಕಲಿಸಲಾಯಿತು. ಪೇಟೆಯ ಭಾಷೆ ಕಲಿತ ಮಾತ್ರಕ್ಕೆ ಗುಡ್ಡದ ಮೇಲಿನ ಅಜ್ಜಿಯ ಭಾಷೆ ಬಂದಂತಾಗಲಿಲ್ಲ ಎಂಬ ಅರಿವು ಅವರಿಗಿತ್ತು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟಿರಬೇಕು. ಮುಂದೆ ಮಂಡ್ಯದ ಕನ್ನಡದ ವಿಚಾರ ಬಂದಾಗ ಇದು ಬೇಕಾಗುತ್ತದೆ.

ಇಂತಹ ಕೇಂದ್ರದ ದಿನಚರಿ ಕಠಿಣವಾದುದು. ಬೆಳಗಿನ ಬಲಿಪೂಜೆ, ಉಪಾಹಾರ ಮುಗಿದೊಡನೆ ತರಗತಿ. ಕ್ವೆರ್ನವಾಕಾದಲ್ಲಿ ನಾಲ್ವರಿಗೊಬ್ಬ ಶಿಕ್ಷಕರಂತೆ ಗಂಟೆಗಟ್ಟಲೆ ಒಂದೇ ವಾಕ್ಯವನ್ನು ತಿರುಗಿಸಿ ಮುರುಗಿಸಿ ಹೇಳಿಸುವ ಪದ್ಧತಿಯಿತ್ತು. ವ್ಯಾಕರಣದ ಉಪನ್ಯಾಸ ಕಡಿಮೆ. ನಾಲಗೆಯ ಕಸರತ್ತು ಹೆಚ್ಚು. ದೇವಶಾಸ್ತ್ರದಲ್ಲಿ ಪದವಿ ಪಡೆದವರೂ, ಕಾಲೇಜಿನಲ್ಲಿ ಪಾಠ ಹೇಳಿದವರೂ ಇಲ್ಲಿ ಸರಿಸಮಾನರು. ತರಕಾರಿ ಕೊಳ್ಳಲು ಸಂತೆಗೆ ಹೋದರೆ ಐದು ವರ್ಷದ ಮಗು ಇವರಿಗಿಂತ ಪಂಡಿತ. ಬುದ್ಧಿಯಿಂದ ಬದುಕಿದವರಿಗೆ ಇದು ಸಾಮಾನ್ಯವಾದ ತಪಸ್ಸಲ್ಲ. ಹೇಳಬೇಕೆಂದದ್ದೆಲ್ಲ ಮನಸ್ಸಿನಲ್ಲಿ ತುಂಬಿ ಬಾಯಿಯಲ್ಲಿ ಹೊರಡದಿರುವ ಸಂಕಟ ಅನುಭವಿಸಿದವರಿಗೇ ಗೊತ್ತು.

ಕನ್ನಡದ ಮಕ್ಕಳಿಗೆ ಆ ಭಾಷೆಯಲ್ಲಿ ಕೆಲವು ಅನುಕೂಲಗಳುಂಟೆಂಬುದು ಸಂತೋಷದ ವಿಷಯ. ಸ್ಪ್ಯಾನಿಷ್‌ನಲ್ಲಿ ‘ಇರು’ ಎಂಬುದಕ್ಕೆ ‘ಸೆರ್’, ‘ಎಸ್ತಾರ್’ ಎಂದು ಎರಡು ಕ್ರಿಯಾಪದಗಳಿದ್ದು, ಇಂಗ್ಲಿಷ್ ಮಾತೃಭಾಷೆಯವರು ಅವುಗಳ ನಡುವೆ ವರ್ಷಗಟ್ಟಲೆ ತೊಳಲಾಡುತ್ತಾರೆ. ನಾವು ‘ಅವರು ಗುರುಗಳು’ ಎನ್ನುವಾಗ ಕ್ರಿಯಾಪದವನ್ನೇ ಬಳಸುವುದಿಲ್ಲ, ‘ಅವರು ಮನೆಯಲ್ಲಿದ್ದಾರೆ’ ಎನ್ನುವಾಗ ಬಳಸುತ್ತೇವೆ. ಈ ಭೇದವನ್ನು ಹಿಡಿದು ಹೊರಟರೆ ಅರ್ಧ ದಾರಿ ಸವೆದಂತೆಯೇ. ‘ಮೆ ಗುಸ್ತಾ’ ಎಂಬ ಅವರ ಮಾತಂತೂ ನಮ್ಮ ‘ನನಗೆ ಹಿಡಿಸುತ್ತದೆ’ ಎಂಬುದರ ಅಣ್ಣತಮ್ಮ. ಅವರ ‘ತ’ಕಾರ, ‘ದ’ಕಾರಗಳು ಕೂಡ ನಮ್ಮವುಗಳಂತೆ ಹಲ್ಲಿಗೆ ತಾಗಿಯೇ ಹುಟ್ಟುತ್ತವೆ. ತೊಡಕು ಬರುವುದು ಲಿಂಗದಲ್ಲಿ. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ ಎಂದರೆ ಕನ್ನಡಿಗನಿಗೆ ನಗು ಬರುತ್ತದೆ. ಜೀವವಿಲ್ಲದ ವಸ್ತುವಿಗೆ ನಪುಂಸಕಲಿಂಗವಲ್ಲದೆ ಬೇರೇನು ಎಂದು ನಮ್ಮ ಸಂಸ್ಕಾರ ಕೇಳುತ್ತದೆ.

ಇಲಿಚ್ ಅವರು ಆ ವಿದ್ಯಾರ್ಥಿಗಳಿಗೆ ಹೇಳಿದ ಒಂದು ವಿಚಾರ ನಮಗೆ ಬಹಳ ಮೆಚ್ಚಿಕೆಯಾದುದು. ಭಾಷೆಯೆಂದರೆ ಶಬ್ದಗಳಷ್ಟೇ ಅಲ್ಲ, ಶಬ್ದಗಳ ನಡುವಿನ ಮೌನವೂ ಹೌದು, ಆ ಮೌನವನ್ನು ಕಲಿಯುವುದೇ ಹೆಚ್ಚು ಕಷ್ಟ ಎಂಬುದು ಅವರ ಅಭಿಮತ. ಅವರು ಮುಂದೆ ಧರ್ಮಸಭೆಯ ಅಧಿಕಾರಿಗಳೊಡನೆ ಜಗಳವಾಡಿ ಯಾಜಕ ಸೇವೆಯಿಂದ ದೂರ ಸರಿದದ್ದು ಬೇರೆ ಕಥೆ; ಈ ಒಂದು ಮಾತಿನಲ್ಲಿ ಅವರು ಹೇಳಿದ್ದು ಸತ್ಯವೇ. ಸಾವಿನ ಮನೆಯಲ್ಲಿ ಎಷ್ಟು ಹೊತ್ತು ಸುಮ್ಮನೆ ಕುಳಿತಿರಬೇಕು, ಮದುವೆಯ ಮಾತುಕತೆಯಲ್ಲಿ ಹಿರಿಯರು ಉತ್ತರ ಕೊಡದಿದ್ದರೆ ಅದು ಒಪ್ಪಿಗೆಯೋ ನಿರಾಕರಣೆಯೋ ಎಂಬುದನ್ನು ಯಾವ ನಿಘಂಟು ಹೇಳೀತು?

ನಮ್ಮ ದೇಶದಿಂದ ಹೋದ ಭಗಿನಿಯರ ಒಂದು ನಿದರ್ಶನವನ್ನು ಇಲ್ಲಿ ಸ್ಮರಿಸಬಹುದು. ಮದರ್ ತೆರೇಸಾ ಅವರ ಸಭೆಯು ಭಾರತದ ಹೊರಗೆ ತೆರೆದ ಮೊಟ್ಟಮೊದಲ ಮನೆ 1965ರಲ್ಲಿ ವೆನೆಜುವೆಲಾ ದೇಶದ ಕೊಕೊರೊತೆ ಎಂಬಲ್ಲಿ ಆರಂಭವಾಯಿತು. ಕಲ್ಕತ್ತಾದ ಗಲ್ಲಿಗಳಿಂದ ಹೊರಟ ಆ ಸೋದರಿಯರು ಸ್ಪ್ಯಾನಿಷ್ ಮಾತನಾಡುವ ಬಡವರ ಬಾಗಿಲಿನಲ್ಲಿ ನಿಂತರು. ಅವರನ್ನು ಕಳುಹಿಸಿದ ತಾಯಿ ತಾನೂ ಅಲ್ಬೇನಿಯನ್ ಮನೆಮಾತಿನವಳಾಗಿ ಬಂದು ಬಂಗಾಳಿಯನ್ನು ಕಲಿತವಳು.

ಇನ್ನು ನಮ್ಮ ಊರಿನ ಕಡೆಗೆ ತಿರುಗೋಣ. ಮಿಷನರಿಯ ಭಾಷಾಭ್ಯಾಸಕ್ಕೆ ಉದಾಹರಣೆ ಹುಡುಕಿಕೊಂಡು ನಾವು ಬೊಲಿವಿಯಾಕ್ಕೆ ಹೋಗಬೇಕಾಗಿಯೇ ಇಲ್ಲ. ಶ್ರೀರಂಗಪಟ್ಟಣವೇ ಅಂತಹ ಒಂದು ಹಳೆಯ ಪಾಠಶಾಲೆ. ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, 1640ರ ದಶಕದ ಕೊನೆಯ ವೇಳೆಗೆ, ಯೇಸುಸಭೆಯ ಇಟಲಿಯ ಗುರು ಲಿಯೊನಾರ್ಡೊ ಚಿನ್ನಾಮಿ ಅಲ್ಲಿಗೆ ಬಂದು ಮೈಸೂರು ಮಿಷನ್ನಿಗೆ ಅಡಿಗಲ್ಲಿಟ್ಟರು. ಮಧುರೆಯಲ್ಲಿ ರಾಬರ್ಟ್ ದಿ ನೊಬಿಲಿ ಅವರು ಹಾಕಿಕೊಟ್ಟ ಮೇಲ್ಪಂಕ್ತಿಯಂತೆ ಸಂನ್ಯಾಸಿಯ ಉಡುಪನ್ನು ಧರಿಸಿದರು. ಕನ್ನಡದ ವ್ಯಾಕರಣವೊಂದನ್ನೂ, ನಿಘಂಟನ್ನೂ, ಧರ್ಮೋಪದೇಶದ ಪುಸ್ತಕವನ್ನೂ ಬರೆದರು. ಅಂದು ಕನ್ನಡ ಕಲಿಯಲು ಅವರಿಗೆ ತರಗತಿಯಿರಲಿಲ್ಲ, ಧ್ವನಿಮುದ್ರಣವಿರಲಿಲ್ಲ, ಪರದೇಶಿಗನಿಗಾಗಿ ಬರೆದ ಪುಸ್ತಕವಿರಲಿಲ್ಲ. ಕಲಿಯುವವನೇ ಪಠ್ಯಪುಸ್ತಕವನ್ನೂ ಬರೆಯಬೇಕಾದ ಕಾಲವದು. ಮುಂದೆ ಚಿಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಹೊನ್ನಮ್ಮ ಕಾವ್ಯ ಬರೆದದ್ದೂ ಇದೇ ರಾಜಧಾನಿಯಲ್ಲಿ. ಆ ಗುರುಗಳು ಕಲಿಯಲು ಹೊರಟದ್ದು ಅಂತಹ ಕನ್ನಡವನ್ನು.

1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನನ ಆಳ್ವಿಕೆ ಮುಗಿದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಬಂದವರು ಪ್ಯಾರಿಸ್ ವಿದೇಶೀ ಮಿಷನ್ನಿನ ಅಬ್ಬೆ ದುಬಾಯ್. ಗಂಜಾಮಿನಲ್ಲಿ ಅವರ ಹೆಸರಿನಿಂದಲೇ ಗುರುತಿಸುವ ಇಗರ್ಜಿಯನ್ನು ನಮ್ಮ ಓದುಗರಲ್ಲಿ ಹಲವರು ಕಂಡಿದ್ದಾರೆ. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಈ ದೇಶದ ಉಡುಗೆ, ಈ ದೇಶದ ಊಟ, ಈ ದೇಶದ ಮಾತು ಇವುಗಳನ್ನು ತಮ್ಮದಾಗಿಸಿಕೊಂಡು ಮೂರು ದಶಕಗಳ ಕಾಲ ನಮ್ಮವರ ನಡುವೆ ಬಾಳಿ, 1823ರಲ್ಲಿ ಫ್ರಾನ್ಸಿಗೆ ಮರಳಿದರು. ಸಿಡುಬಿನ ವಿರುದ್ಧ ಹಾಕುವ ಚುಚ್ಚುಮದ್ದು ನಮ್ಮ ನಾಡಿಗೆ ಹೊಸದಾಗಿ ಬಂದಾಗ, 1803-04ರಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಅದನ್ನು ಹಾಕಿಸಿದ ಕೀರ್ತಿ ಅವರದು. ಯಾರೂ ಕಂಡರಿಯದ ಮದ್ದನ್ನು ತನ್ನ ಮಗುವಿನ ತೋಳಿಗೆ ಚುಚ್ಚಲು ತಾಯಿಯೊಬ್ಬಳು ಒಪ್ಪಬೇಕಾದರೆ ಅವಳೊಡನೆ ಎಷ್ಟು ಮಾತು ಆಡಿರಬೇಕು, ಯಾವ ಧಾಟಿಯಲ್ಲಿ ಆಡಿರಬೇಕು ಎಂಬುದನ್ನು ಓದುಗರೇ ಊಹಿಸಿಕೊಳ್ಳಲಿ. ದುಭಾಷಿಯ ಮೂಲಕ ಆಗುವ ಕೆಲಸ ಅದಲ್ಲ. ಅವರು ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಂದು 1826ರಲ್ಲಿ ಪ್ರಕಟಿಸಿದಾಗ ಮುಂದಿಟ್ಟುಕೊಂಡ ಪ್ರತಿಗಳಲ್ಲಿ ತಮಿಳು, ತೆಲುಗಿನ ಜೊತೆ ಕನ್ನಡದ್ದೂ ಇತ್ತು.

ಅಬ್ಬೆಯವರನ್ನು ನಾವು ಸಂತರ ಪೀಠಕ್ಕೇರಿಸಲು ಹೊರಟಿಲ್ಲ. ಅವರ ಪ್ರಖ್ಯಾತ ಗ್ರಂಥದ ಬಹುಭಾಗ ಹಿಂದಿನ ಯೇಸುಸಭೆಯ ಗುರು ಕುರ್ದು ಎಂಬುವರ ಹಸ್ತಪ್ರತಿಯಿಂದ ಬಂದುದೆಂದು ವಿದ್ವಾಂಸರು ತೋರಿಸಿದ್ದಾರೆ. ನಮ್ಮ ಜನರ ಬಗ್ಗೆ ಅವರು ಬರೆದಿರುವ ಎಷ್ಟೋ ಮಾತು ಇಂದು ಓದಿದರೆ ಮನಸ್ಸು ನೋಯುತ್ತದೆ. ಆದರೂ ಅವರು ಹಳ್ಳಿಯ ಜಗುಲಿಯಲ್ಲಿ ಕುಳಿತು ಮಾತನಾಡಬಲ್ಲವರಾಗಿದ್ದರು. ಪಕ್ಕದ ಹಿರೋಡೆಯಲ್ಲಿ ಹೈದರ್, ಟಿಪ್ಪುವಿನ ಕಾಲದಲ್ಲಿ ಬಿಡಾರ ಹೂಡಿದ್ದ ಫ್ರೆಂಚ್ ಸೈನಿಕರು ಆ ಊರಿಗೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರನ್ನು ಬಿಟ್ಟುಹೋದರು. ಊರು ಪಾಂಡವಪುರವಾದ ಮೇಲೆ ಆ ಹೆಸರೂ ಹಳಬರ ಬಾಯಲ್ಲಷ್ಟೇ ಉಳಿಯಿತು. ಅವರ ಹಿಂದೆಯೇ ಬಂದ ಫ್ರೆಂಚ್ ಗುರುಗಳ ಪರಂಪರೆ ಮಾತ್ರ ಮುಂದುವರಿದು, ಧರ್ಮಾಧ್ಯಕ್ಷ ಶಾರ್ಬೊನ್ನೊ ಅವರ ಕಾಲದಲ್ಲಿ, 1855ರಲ್ಲಿ ಕನ್ನಡ-ಲ್ಯಾಟಿನ್ ನಿಘಂಟನ್ನೂ 1861ರಲ್ಲಿ ಲ್ಯಾಟಿನ್-ಕನ್ನಡ ನಿಘಂಟನ್ನೂ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿತು. ಹೊಸದಾಗಿ ಹಡಗಿಳಿದು ಬರುವ ತರುಣ ಗುರುವಿನ ಕೈಗೆ ಕೊಡಲೆಂದೇ ಆ ಪುಸ್ತಕಗಳು ಸಿದ್ಧವಾದವು. ಕಿಟ್ಟೆಲರ ಮಹಾನಿಘಂಟು ಬಂದದ್ದು 1894ರಲ್ಲಿ. ಅದನ್ನು ನಾಡೇ ಕೊಂಡಾಡುತ್ತದೆ, ನ್ಯಾಯವೂ ಹೌದು. ಅದಕ್ಕಿಂತ ಸುಮಾರು ನಾಲ್ಕು ದಶಕಗಳ ಹಿಂದಿನ ನಮ್ಮವರ ದುಡಿಮೆಯನ್ನು ನಮ್ಮ ಮಕ್ಕಳೇ ಅರಿಯರು.

ಭಾಷೆ ಬಾರದಿದ್ದರೆ ಏನಾದೀತು ಎಂಬುದಕ್ಕೆ ಸಂತ ಫ್ರಾನ್ಸಿಸ್ ಝೇವಿಯರರ ಜೀವನವೇ ಸಾಕ್ಷಿ. ಸ್ಪೇನ್ ದೇಶದ ನವಾರ್ರೆಯ ಈ ಮಹಾಪುರುಷರ ಮನೆಮಾತು ಬಾಸ್ಕ್. 1542ರಲ್ಲಿ ಮುತ್ತಿನ ತೀರದ ಮೀನುಗಾರರ ಬಳಿಗೆ ಬಂದಾಗ ಅವರ ಮಾತು ಇವರಿಗೆ ತಿಳಿಯದು, ಇವರ ಮಾತು ಅವರಿಗೆ ತಿಳಿಯದು. ಎರಡು ಭಾಷೆ ಬಲ್ಲವರನ್ನು ಕೂಡಿಸಿಕೊಂಡು ಜಪಗಳನ್ನು ತಮಿಳಿಗೆ ತಿರುಗಿಸಿ, ಬಾಯಿಪಾಠ ಮಾಡಿ, ಬೀದಿಯಲ್ಲಿ ಗಂಟೆ ಬಾರಿಸಿ ಮಕ್ಕಳನ್ನು ಸೇರಿಸಿ ಹೇಳಿಕೊಟ್ಟರು. ಮುಂದೆ ಜಪಾನಿನಲ್ಲಿ ದುಭಾಷಿಯ ಮಾತು ನಂಬಿ, ದೇವರನ್ನು ಸೂಚಿಸಲು ‘ದೈನಿಚಿ’ ಎಂಬ ಪದವನ್ನು ಬಳಸಿದರು. ಅದು ಬೌದ್ಧರ ಒಂದು ಪಂಥದ ಆರಾಧ್ಯ ಬುದ್ಧನ ಹೆಸರೆಂದು ತಿಳಿದುಬಂದಾಗ ಆ ಪದವನ್ನು ಬಿಟ್ಟು ಲ್ಯಾಟಿನ್ನಿನ ‘ದೇಉಸ್’ ಪದವನ್ನೇ ಹಿಡಿದರು. ಸಂತರಿಗೇ ಈ ಪಾಡಾದರೆ ಉಳಿದವರ ಮಾತೇನು?

ಈ ಪಾಡು ಇಂದು ಎಲ್ಲಕ್ಕಿಂತ ಹೆಚ್ಚಾಗಿ ಎದ್ದುಕಾಣುವುದು ಪಾಪನಿವೇದನೆಯ ಪೀಠದಲ್ಲಿ. ಪೂಜೆಯ ಪುಸ್ತಕವನ್ನು ಅಕ್ಷರ ಕೂಡಿಸಿ ಓದಿಬಿಡಬಹುದು. ಪ್ರಬೋಧನೆಯನ್ನು ಯಾರಿಂದಲೋ ಬರೆಸಿ ಒಪ್ಪಿಸಬಹುದು. ಆದರೆ ಜಾಲರಿಯ ಆಚೆ ಮಂಡಿಯೂರಿದ ಮುದುಕಿ ಪುಸ್ತಕದ ಕನ್ನಡವನ್ನು ಆಡುವುದಿಲ್ಲ. ‘ಸೊಸೆ ಮ್ಯಾಲೆ ಬಾಯಿ ಮಾಡ್ದೆ’ ಎನ್ನುತ್ತಾಳೆ. ‘ಮೊಮ್ಮಗನ ಮ್ಯಾಲೆ ಕೈ ಮಾಡ್ದೆ’ ಎನ್ನುತ್ತಾಳೆ. ‘ವಾರ್ಗಿತ್ತಿ ಜೊತೆ ಮಾತು ಬಿಟ್ಟು ಮೂರು ವರ್ಸ ಆಯ್ತು’ ಎನ್ನುತ್ತಾಳೆ. ಬಾಯಿ, ಕೈ, ಮಾತು, ಬಿಡು ಎಂಬ ಪದಗಳು ಮೊದಲ ತಿಂಗಳಲ್ಲೇ ಕಲಿಯುವಂಥವು. ಆದರೆ ‘ಬಾಯಿ ಮಾಡು’ ಎಂದರೆ ಕೂಗಾಡುವುದು, ‘ಕೈ ಮಾಡು’ ಎಂದರೆ ಹೊಡೆಯುವುದು, ‘ಮಾತು ಬಿಡು’ ಎಂದರೆ ಹಗೆ ಸಾಧಿಸುವುದು ಎಂಬುದು ಯಾವ ತಿಂಗಳಲ್ಲಿ ತಿಳಿಯುತ್ತದೆ? ವಿಶ್ವೇಶ್ವರಯ್ಯ ನಾಲೆಯ ಬಯಲಿನ ರೈತ ‘ರಾತ್ರಿ ನೀರು ತಿರುಗಿಸ್ಕೊಂಡೆ’ ಎಂದರೆ ನೆರೆಯವನ ಸರದಿಯ ನೀರನ್ನು ಕದ್ದೆನೆಂದು ಅರ್ಥ. ‘ಬದ ಒತ್ತಿದೆ’ ಎಂದರೆ ನೆರೆಯವನ ಹೊಲಕ್ಕೆ ಗೇಣುದ್ದ ನುಗ್ಗಿದೆನೆಂದು ಅರ್ಥ. ಏಳನೆಯ ಕಟ್ಟಳೆಯನ್ನು ಮುರಿದ ಪಾಪವೆಂದರೆ ನಮ್ಮ ಕಡೆ ಬಹುಪಾಲು ಇವೇ. ಇವನ್ನು ಕೇಳಿಸಿಕೊಂಡ ಗುರು ನೀರು ಹಾಯಿಸುವುದು ಒಳ್ಳೆಯ ಕೆಲಸವೆಂದು ಭಾವಿಸಿ ತಲೆಯಾಡಿಸಿದರೆ, ಕಳ್ಳತನವಾದ ನೀರು ಮರಳಿ ಯಾರ ಗದ್ದೆಗೆ ಹರಿದೀತು?

ಪಾಪನಿವೇದನೆಯನ್ನು ದುಭಾಷಿಯ ಮೂಲಕವೂ ಮಾಡಬಹುದೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 990ನೆಯ ವಿಧಿ ಅನುಮತಿ ಕೊಡುತ್ತದೆ. ದುಭಾಷಿಯೂ ಗುಟ್ಟು ಕಾಯಬೇಕೆಂಬ ಕಟ್ಟಳೆ ಬೇರೆ ಇದೆ. ಕಾನೂನು ಸರಿಯೇ. ಆದರೆ ಇಪ್ಪತ್ತು ಮನೆಯ ಊರಿನಲ್ಲಿ ಆ ದುಭಾಷಿ ಯಾರಾಗಬೇಕು? ಉಪದೇಶಿಯೇ? ಅವನೇ ಆ ವಾರಗಿತ್ತಿಯ ಅಣ್ಣನಾಗಿದ್ದರೆ?

ಹೀಗಾಗಿ ಹಳ್ಳಿಯ ಎಷ್ಟೋ ಹಿರಿಯರು ಪುಸ್ತಕದಲ್ಲಿರುವ ಎರಡು ಸಾಲನ್ನು ಒಪ್ಪಿಸಿ, ಮೂರು ‘ನಮೋ ಮರಿಯ’ ಪಡೆದು ಎದ್ದುಬರುತ್ತಾರೆ. ಮನಸ್ಸಿನ ಭಾರ ಮನಸ್ಸಿನಲ್ಲೇ ಉಳಿಯುತ್ತದೆ. ಕಥೋಲಿಕರು ವಿರಳವಾಗಿರುವ ನಾಗಮಂಗಲ, ಕೃಷ್ಣರಾಜಪೇಟೆಯ ಕಡೆಯಂತೂ, ಹತ್ತಿರದಲ್ಲಿ ಇನ್ನೊಬ್ಬ ಗುರುಗಳಿಲ್ಲವಾದ್ದರಿಂದ, ಇರುವ ಒಬ್ಬರಿಗೆ ತಮ್ಮ ಮಾತು ಮುಟ್ಟದಿದ್ದರೆ ಅವರಿಗೆ ಬೇರೆ ದಿಕ್ಕಿಲ್ಲ. ಔಷಧಾಲಯದಲ್ಲಿ ಸೇವೆ ಮಾಡುವ ಭಗಿನಿಯರ ವಿಷಯವೂ ಇದೇ. ‘ಸಂಕಟ ಆಯ್ತದೆ’, ‘ಎದೆ ಹಿಡ್ದಂಗಾಯ್ತದೆ’ ಎಂಬ ಎರಡರ ನಡುವಿನ ಅಂತರ ತಿಳಿಯದಿದ್ದರೆ ಒಂದು ಜೀವವೇ ಹೋದೀತು.

ಗುರುಗಳು ಎಲ್ಲಿಂದ ಬಂದವರೆಂಬುದು ನಮ್ಮ ಆಕ್ಷೇಪಣೆಯಲ್ಲ. ಅದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಚಿನ್ನಾಮಿ ಇಟಲಿಯವರು, ಅಬ್ಬೆ ದುಬಾಯ್ ಫ್ರಾನ್ಸಿನವರು. ನಮ್ಮ ಸಾಹಿತ್ಯದಲ್ಲಿಯೂ ಬೇಂದ್ರೆಯವರ ಮನೆಮಾತು ಮರಾಠಿ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು.ತಿ.ನ. ಅವರ ಮನೆಮಾತು ತಮಿಳು. ಹೊರಗಿನಿಂದ ಬಂದು ನಮಗಿಂತ ಸೊಗಸಾಗಿ ಕನ್ನಡ ನುಡಿಯುವ ಗುರುಗಳೂ ಭಗಿನಿಯರೂ ನಮ್ಮ ನಡುವೆ ಇದ್ದಾರೆ. ಅವರು ರಾತ್ರಿ ನಿದ್ದೆಗೆಟ್ಟು, ತಾವಾಗಿ ಕಲಿತವರು. ನಮ್ಮ ಆಕ್ಷೇಪಣೆ ಏರ್ಪಾಡಿನ ಬಗ್ಗೆ. ಬಹಳಷ್ಟು ಸಂದರ್ಭಗಳಲ್ಲಿ ಹೊಸ ಗುರುವಿನ ಕೈಗೆ ಕೆಲವೇ ವಾರಗಳಲ್ಲಿ ಇಗರ್ಜಿಯ ಬೀಗದ ಕೈ, ಶಾಲೆಯ ಲೆಕ್ಕಪತ್ರ, ಕಟ್ಟಡದ ಕಂಟ್ರಾಕ್ಟು ಎಲ್ಲವನ್ನೂ ಕೊಟ್ಟು, ಕನ್ನಡವನ್ನು ಬಿಡುವಿನಲ್ಲಿ ಕಲಿತುಕೊಳ್ಳಿ ಎನ್ನಲಾಗುತ್ತದೆ. ಬಿಡುವು ಬರುವುದಿಲ್ಲ. ಅದೇ ವ್ಯಕ್ತಿಯನ್ನು ಪೆರು ದೇಶಕ್ಕೆ ಕಳುಹಿಸಿದ್ದರೆ ಹೀಗೆ ಮಾಡುತ್ತಿದ್ದರೆ?

‘ಕನ್ನಡವೇನು, ನಮ್ಮ ಭಾಷೆಯ ಸೋದರಿಯಲ್ಲವೆ, ತಾನಾಗಿ ಬರುತ್ತದೆ’ ಎಂಬ ಉತ್ತರ ಕೇಳಿಬರುವುದುಂಟು. ಸೋದರಿ ಹೌದು, ಅದೇ ಅಪಾಯ. ಮಲಯಾಳದಲ್ಲಿ ‘ಅವಸರ’ ಎಂದರೆ ಅವಕಾಶ, ನಮ್ಮಲ್ಲಿ ಗಡಿಬಿಡಿ. ಅಲ್ಲಿ ‘ಪ್ರಸಂಗ’ ಎಂದರೆ ಭಾಷಣ. ನಮ್ಮಲ್ಲಿ ನಡೆದ ಸಂಗತಿ. ಅಲ್ಲಿ ‘ಸಂಸಾರ’ ಎಂದರೆ ಮಾತುಕತೆ. ನಮ್ಮಲ್ಲಿ ಅದರ ಅರ್ಥ ಹೇಳಬೇಕಾಗಿಲ್ಲ. ಪೂರ್ತಿ ಅಪರಿಚಿತವಾದ ಪದ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಪರಿಚಿತ ಮುಖದ ಪದ ಕೈಹಿಡಿದು ಹಳ್ಳಕ್ಕೆ ಕರೆದೊಯ್ಯುತ್ತದೆ. ಇದರ ಮೇಲೆ ಮಂಡ್ಯದ ಮಾತಿನ ಬೆಡಗು ಬೇರೆ. ಹಕಾರವೆಲ್ಲ ಉದುರಿಹೋಗಿ ಹಾಲು ‘ಆಲು’, ಹಬ್ಬ ‘ಅಬ್ಬ’. ಕೊಚಬಾಂಬಾದಲ್ಲಿ ಕೆಚುವಾ ಏಕೆ ಕಲಿಸಿದರೆಂಬುದು ಇಲ್ಲಿ ಅರ್ಥವಾದೀತು.

ಇನ್ನೊಂದು ಉತ್ತರ, ಗುರುಗಳ ಅಭಾವ. ಇದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಒಬ್ಬರನ್ನು ಹತ್ತು ತಿಂಗಳು ಕಲಿಕೆಗೆ ಬಿಟ್ಟರೆ ಒಂದು ಧರ್ಮಕೇಂದ್ರ ಹತ್ತು ತಿಂಗಳು ಬರಿದಾಗುತ್ತದೆ, ನಿಜ. ಆದರೆ ಮಾತು ತಿಳಿಯದ ಗುರುವಿರುವ ಧರ್ಮಕೇಂದ್ರ ಎಷ್ಟರಮಟ್ಟಿಗೆ ತುಂಬಿರುತ್ತದೆ? ಮೂರನೆಯ ಉತ್ತರ, ಮಕ್ಕಳಿಗೆಲ್ಲ ಈಗ ಇಂಗ್ಲಿಷ್ ಬರುತ್ತದೆ ಎಂಬುದು. ಮಕ್ಕಳಿಗೆ ಬರಬಹುದು, ಅವರು ಸಾಯುವ ಹಾಸಿಗೆಯಲ್ಲಿಲ್ಲ. ಕೈಯಲ್ಲಿನ ಫೋನೇ ಅನುವಾದ ಮಾಡಿಕೊಡುತ್ತದೆ ಎನ್ನುವವರಿಗೆ, ಆ ಯಂತ್ರವನ್ನು ಪಾಪನಿವೇದನೆಯ ಪೀಠದೊಳಕ್ಕೆ ಒಯ್ಯುವಿರಾ ಎಂದಷ್ಟೇ ಕೇಳುತ್ತೇವೆ.

ನಾವು ಕೇಳುತ್ತಿರುವುದು ಹೊಸದೇನೂ ಅಲ್ಲ. 1919ರಲ್ಲಿಯೇ ಪೋಪ್ ಹದಿನೈದನೆಯ ಬೆನೆಡಿಕ್ಟರು ಮಿಷನರಿಗಳನ್ನು ಕುರಿತ ಪತ್ರದಲ್ಲಿ, ಅರೆಬರೆ ಭಾಷೆಯಿಂದ ತೃಪ್ತರಾಗದೆ, ಧರ್ಮಬೋಧೆಯನ್ನು ಉಪದೇಶಿಗಳ ಪಾಲಿಗೆ ಬಿಟ್ಟುಬಿಡದೆ, ಜನರ ಭಾಷೆಯನ್ನು ಚೆನ್ನಾಗಿ ಕಲಿಯಬೇಕೆಂದು ಬೋಧಿಸಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯ 1965ರ ಮಿಷನ್ ಆಜ್ಞಾಪತ್ರದ 26ನೆಯ ಪರಿಚ್ಛೇದ ಇನ್ನೂ ಮುಂದೆ ಹೋಗಿ, ಬಳಸುವ ಭಾಷೆ ನಿರರ್ಗಳವೂ ಸಂಸ್ಕಾರಯುತವೂ ಆಗಿರಬೇಕೆನ್ನುತ್ತದೆ. ಕಾನೂನು ಸಂಹಿತೆಯ 249ನೆಯ ವಿಧಿ ಯಾಜಕಾಭ್ಯರ್ಥಿಗಳ ಭಾಷಾಶಿಕ್ಷಣದಲ್ಲಿ ಲ್ಯಾಟಿನ್ ಮಾತ್ರವಲ್ಲದೆ ಅವರ ಸ್ವಂತ ಭಾಷೆಯನ್ನೂ ಸೇವೆಗೆ ಬೇಕಾದ ಭಾಷೆಗಳನ್ನೂ ಸೇರಿಸಿದೆ. ಸ್ವಂತ ಭಾಷೆ ಎಂಬ ಮಾತನ್ನು ನಾವು ಬೇಕೆಂದೇ ಎತ್ತಿ ಹೇಳುತ್ತಿದ್ದೇವೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಗುರುಮಠ ಸೇರಿದ ನಮ್ಮೂರ ಹುಡುಗರೇ ಶುಭಸಂದೇಶವನ್ನು ಕನ್ನಡದಲ್ಲಿ ತಡವರಿಸಿ ಓದುವ ಕಾಲ ಬಂದಿದೆ. ಕೆ.ಎಸ್. ನರಸಿಂಹಸ್ವಾಮಿಯವರ ಕಿಕ್ಕೇರಿ ಇರುವುದು ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ, ಬಿ.ಎಂ.ಶ್ರೀ ಅವರ ಬೆಳ್ಳೂರು ಇರುವುದು ನಾಗಮಂಗಲ ತಾಲ್ಲೂಕಿನಲ್ಲಿ. ಅಂತಹ ಸೀಮೆಯ ಕಿವಿಗಳ ಮುಂದೆ ನಿಂತು ಪ್ರಬೋಧನೆ ನೀಡಬೇಕಾದವರು ಇವರು.

ಸೌಲಭ್ಯವಿಲ್ಲವೆನ್ನುವಂತೆಯೂ ಇಲ್ಲ. ಶ್ರೀರಂಗಪಟ್ಟಣದಿಂದ ಕೂಗಳತೆಯಲ್ಲಿರುವ ಮೈಸೂರಿನಲ್ಲಿ 1969ರಲ್ಲಿ ಭಾರತೀಯ ಭಾಷಾ ಸಂಸ್ಥಾನ ಸ್ಥಾಪನೆಯಾಯಿತು. ಅದರ ದಕ್ಷಿಣ ಪ್ರಾದೇಶಿಕ ಕೇಂದ್ರವು ಹೊರರಾಜ್ಯಗಳ ಶಾಲಾ ಶಿಕ್ಷಕರನ್ನು ಅವರ ಕೆಲಸದಿಂದ ಬಿಡಿಸಿ ಕರೆತಂದು, ಹತ್ತು ತಿಂಗಳು ಕನ್ನಡವನ್ನೋ ದಕ್ಷಿಣದ ಇನ್ನೊಂದು ಭಾಷೆಯನ್ನೋ ಕಲಿಸುವ ಪದ್ಧತಿಯನ್ನು ಬೆಳೆಸಿತು. ಶಾಲೆಯ ಶಿಕ್ಷಕನೊಬ್ಬನಿಗೆ ಸರ್ಕಾರ ಹತ್ತು ತಿಂಗಳು ಕೊಡಬಲ್ಲುದಾದರೆ, ಆತ್ಮಗಳ ಪಾಲಕನಿಗೆ ಧರ್ಮಸಭೆ ಅಷ್ಟನ್ನಾದರೂ ಕೊಡಲಿ. ಅದರಲ್ಲಿ ಆರು ತಿಂಗಳು ತರಗತಿಯಲ್ಲಿ ಕಳೆಯಲಿ, ನಾಲ್ಕು ತಿಂಗಳು ಯಾವುದಾದರೂ ಹಳ್ಳಿಯ ಮನೆಯಲ್ಲಿ. ಆ ಅವಧಿಯಲ್ಲಿ ಶಾಲೆಯ ಕಚೇರಿಯಾಗಲಿ, ಕಟ್ಟಡದ ಕೆಲಸವಾಗಲಿ ಅವರ ತಲೆಗೆ ಕಟ್ಟಬಾರದು. ಕೊನೆಯಲ್ಲಿ ಹತ್ತು ನಿಮಿಷ ಕಾಗದವಿಲ್ಲದೆ ಊರವರ ಮುಂದೆ ಮಾತನಾಡಲಿ. ಪರೀಕ್ಷಕರಾಗಿ ಉಪದೇಶಿಯೂ ಇಬ್ಬರು ಹಿರಿಯ ಹೆಂಗಸರೂ ಕುಳಿತರೆ ಸಾಕು. ಭಗಿನಿಯರಿಗೂ ಇದೇ ನಿಯಮವಿರಲಿ. ಮೇ ತಿಂಗಳ ವರ್ಗಾವಣೆಯ ಪಟ್ಟಿ ಸಿದ್ಧವಾಗುವ ಮುನ್ನ ಪ್ರತಿ ಧರ್ಮಕೇಂದ್ರದ ಪಾಲನಾ ಸಮಿತಿಯೂ ಈ ಕೋರಿಕೆಯನ್ನು ಬರವಣಿಗೆಯಲ್ಲಿ ಸಲ್ಲಿಸಬೇಕೆಂದು ನಾವು ವಿನಂತಿಸುತ್ತೇವೆ.

ಕುಟುಂಬಗಳಿಗೂ ಒಂದು ಕೆಲಸವುಂಟು. ಗುರುಗಳು ಮನೆಗೆ ಬಂದೊಡನೆ ಮಗನ ಇಂಗ್ಲಿಷನ್ನು ಪ್ರದರ್ಶನಕ್ಕಿಡುವ ಚಪಲ ನಮ್ಮ ಪೇಟೆಮನೆಗಳಲ್ಲಿ ಹೆಚ್ಚು. ಎಂಟು ದಿನ ಅವರು ಕಷ್ಟಪಟ್ಟು ಕಲಿತ ನಾಲ್ಕು ಮಾತು ಅಲ್ಲಿಗೆ ಮಣ್ಣುಪಾಲು. ಅವರನ್ನು ವಾರಕ್ಕೊಂದು ಸಂಜೆ ಊಟಕ್ಕೆ ಕರೆಯಿರಿ. ಅಡುಗೆಮನೆಯ ಪಕ್ಕದಲ್ಲೇ ಚಾಪೆ ಹಾಸಿ ಕೂರಿಸಿ, ಅಜ್ಜಿಯನ್ನು ಎದುರಿಗೆ ಕೂರಿಸಿ. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಹೇಳಿಕೊಡಿ. ಮಾತಿನ ಭರದಲ್ಲಿ ಅವರು ‘ಅಮ್ಮಾ, ನಿಮ್ಮ ಜೊತೆ ಸ್ವಲ್ಪ ಸಂಸಾರ ಮಾಡಬೇಕಿತ್ತು’ ಎಂದುಬಿಟ್ಟರೆ ಮಕ್ಕಳು ನಗದಂತೆ ಕಣ್ಣಲ್ಲೇ ಗದರಿಸಿ, ‘ಮಾತಾಡಬೇಕಿತ್ತು ಅನ್ನಿ ಫಾದರ್’ ಎಂದು ಮೆಲ್ಲಗೆ ತಿದ್ದಿ, ಇನ್ನೊಂದು ಸೌಟು ಸಾರು ಬಡಿಸಿ.